ಮುಟ್ಟಬಾರದ ತೊಲೆ

ತೊಲೆಗೆ ಕೊಟ್ಟಿದ್ದ ಆಸರೆಗಂಬವನ್ನು ಕಿತ್ತವಳು ಅವಳೇ. ಮೈದುನ ಹೇಳಿದ, ಅವಳು ಕಿತ್ತಳು. ಕಂಬದ ಬುಡಕ್ಕೆ ಬಡಿದಿದ್ದ ಬೆಣೆಯನ್ನು ಕಲ್ಲಿನಿಂದ ಗುದ್ದಿ ಸಡಿಲಿಸಿದಳು. ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ಎಳೆದಳು. ಎಳೆದುಕೊಂಡು ಹೋಗಿ ಹಿಂಗೋಡೆಯ ಆಚೆ ಒಣ ಸೊಪ್ಪಿನ ರಾಶಿಯ ಕೆಳಗೆ ಮುಚ್ಚಿಟ್ಟಳು, ಕದ್ದ ಮಾಲನ್ನು ಮುಚ್ಚಿಡುವವರ ಹಾಗೆ.

ಅವಳನ್ನು ಎಲ್ಲರೂ ಗರಗಸದಕ್ಕ ಎನ್ನುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಮರ ಕೊಯ್ದು ಬದುಕಿದವರು. ಅದು ಎರಡು ಹಿಡಿಯ ಗರಗಸ. ಮರದ ಆಚೆ ಅವನು, ಈಚೆ ಅವಳು. ಆ ಕೆಲಸಕ್ಕೆ ಒಂದೇ ನೇಮ. ಎಳೆಯಬೇಕು, ತಳ್ಳಬಾರದು. ತಳ್ಳಿದರೆ ಅಲಗು ಬಾಗುತ್ತದೆ, ಎದುರಿನವರ ಕೈ ಮುರಿಯುತ್ತದೆ. ಎಳೆಯುವವರು ‘ಕೊಡು’ ಎನ್ನಬೇಕು, ಬಿಡುವವರು ‘ತಗೋ’ ಎನ್ನಬೇಕು. ಕೊಡು, ತಗೋ. ಕೊಡು, ತಗೋ. ಮನೆಯೊಳಗೆ ಅವಳು ಗಂಡನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದಳು. ಗರಗಸ ಹಿಡಿದಾಗ ಮಾತ್ರ ಏಕವಚನ. ಗರಗಸಕ್ಕೆ ಗಂಡ ಯಾರು, ಹೆಂಡತಿ ಯಾರು ಎಂದು ತಿಳಿಯುವುದಿಲ್ಲ ಎಂದು ಅತ್ತೆ ಮದುವೆಯಾದ ಹೊಸತರಲ್ಲೇ ಹೇಳಿಕೊಟ್ಟಿದ್ದಳು.

ಅವರು ಇದ್ದದ್ದು ಹಳೆಯ ಬೇಸಾಯದ ಮನೆಯೊಂದರ ಹಿಂಭಾಗದಲ್ಲಿ. ಧಣಿಗಳ ಸಂತತಿ ಪಟ್ಟಣ ಸೇರಿದ ಮೇಲೆ ಮನೆಯನ್ನು ಸರ್ಕಾರ ವಹಿಸಿಕೊಂಡು, ಸಂರಕ್ಷಿತ ಸ್ಮಾರಕ ಎಂದು ಬಾಗಿಲಲ್ಲಿ ನೀಲಿ ಫಲಕ ನೆಟ್ಟಿತ್ತು. ಫಲಕದಲ್ಲಿ ಮನೆ ಕಟ್ಟಿಸಿದವನ ಹೆಸರಿತ್ತು. ಕಟ್ಟಿದವರ ಹೆಸರಿಗೆ ಜಾಗ ಸಾಲದೆ ಹೋಗಿರಬೇಕು.

ಮನೆಯೇನೋ ಮನೆಯೇ. ಎದೆಮಟ್ಟದ ಕಲ್ಲಿನ ತಳಪಾಯ. ಅದರ ಮೇಲೆ ಒಂದು ಮೊಳ ದಪ್ಪದ ಮಣ್ಣಿನ ಗೋಡೆ. ನಡುವೆ ತೆರೆದ ಅಂಗಳ, ಸುತ್ತಲೂ ಕಂಬಗಳ ಪಡಸಾಲೆ. ಮುಂದಿನ ಪಾಲು ಧಣಿಗಳದು, ಅಲ್ಲಿ ಸೂರು ಎತ್ತರ. ಹಿಂದಿನ ಪಾಲು ದನಗಳದು, ಆಳುಗಳದು. ಅಲ್ಲಿ ಸೂರು ತಗ್ಗು. ದನ ತಲೆಯೆತ್ತಬಹುದು, ಆಳು ತಲೆಯೆತ್ತುವ ಹಾಗಿಲ್ಲ. ಹಾಗೆ ಅಳೆದೇ ಕಟ್ಟಿಸಿದ್ದರು. ಎರಡೂ ಪಾಲಿನ ತೊಲೆಗಳನ್ನು ಕೊಯ್ದವನು ಅವಳ ಗಂಡನ ಮುತ್ತಜ್ಜ. ಮರದ ಚೇಗು, ಅಂದರೆ ಹುಳ ಮುಟ್ಟದ ಕೆಂಪು ತಿರುಳು, ಮುಂದಿನ ಪಾಲಿಗೆ ಹೋಯಿತು. ತೊಗಟೆಗೆ ಅಂಟಿದ ಬಿಳಿ ಮರ ಹಿಂದಿನ ಪಾಲಿಗೆ ಬಂತು. ಒಂದೇ ಮರ. ದೇವರು ಅದನ್ನು ಒಂದಾಗಿಯೇ ಬೆಳೆಸಿದ್ದ. ಪಾಲು ಮಾಡಿದವರು ಮನುಷ್ಯರು.

ಬಿಳಿ ಮರಕ್ಕೆ ಗೆದ್ದಲು ಹತ್ತಿತು. ಮಲಗಿದಾಗ ಮುಖದ ಮೇಲೆ ಹುಡಿ ಉದುರುತ್ತಿತ್ತು. ಹಂಚು ತೆಗೆದು ಜಂತೆ ಬದಲಿಸುತ್ತೇವೆ, ಕೂಲಿ ಬೇಡ, ಮರವನ್ನೂ ನಾವೇ ತರುತ್ತೇವೆ ಎಂದು ಗಂಡ ಹೆಂಡತಿ ಕೇಳಿಕೊಂಡರು. ಸ್ಮಾರಕದ ಉಸ್ತುವಾರಿ ನೋಡುವ ಸಾಹೇಬರು ದಪ್ಪ ಕನ್ನಡಕದವರು, ಮೆಲುಮಾತಿನವರು. ಒಂದು ಮೊಳೆ ಕೂಡ ಹೊಡೆಯುವ ಹಾಗಿಲ್ಲ ಎಂದರು. ಮನೆ ಹೇಗಿತ್ತೋ ಹಾಗೇ ಇರಬೇಕಂತೆ. ಹಾಗಾದರೆ ಬೇರೆ ಕಡೆ ಒಂದು ಕೋಣೆ ಕೊಡಿ ಎಂದು ಇವಳು ಕೇಳಿದ್ದಕ್ಕೆ, ಇರಲು ಬಿಟ್ಟದ್ದೇ ಹೆಚ್ಚು, ಕಸ ಗುಡಿಸಿಕೊಂಡು ಇರಿ ಎಂದರು.

ಆವತ್ತು ರಾತ್ರಿ ಗಂಡ ನಗಾಡಿದ. “ನಾವೂ ಸ್ಮಾರಕವೇ ಕಣೇ. ನಮ್ಮನ್ನೂ ಯಾರೂ ರಿಪೇರಿ ಮಾಡೋ ಹಾಗಿಲ್ಲ.”

ನಗುವುದಕ್ಕೆ ಹೋಗಿ ಕೆಮ್ಮಿದ. ಆಯುಷ್ಯವಿಡೀ ಕುಡಿದ ಮರದ ಹುಡಿ ಅವನ ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಕೆಮ್ಮು ಶುರುವಾದರೆ ಪಕ್ಕೆಲುಬು ಹಿಡಿದುಕೊಂಡು ಒದ್ದಾಡುತ್ತಿದ್ದ. ಗರಗಸ ಎಳೆಯುವ ಶಕ್ತಿ ಹೋಗಿತ್ತು. ಆ ಗರಗಸವನ್ನೂ ಸಾಹೇಬರು ಕೇಳಿ ಪಡೆದು, ಹಳೆಯ ಕಾಲದ ಉಪಕರಣ ಎಂದು ಪಡಸಾಲೆಯ ಗೋಡೆಗೆ ನೇತುಹಾಕಿಸಿದ್ದರು.

ಮಳೆಗಾಲದಲ್ಲಿ ತೊಲೆ ನಡುವೆ ಬಾಗಿದಾಗ ಅವನೇ ಎದ್ದು, ನಾಲ್ಕು ಸಲ ಕೂತು ಸುಧಾರಿಸಿಕೊಂಡು, ಒಂದು ಆಸರೆಗಂಬ ಕೊಟ್ಟ. ಯಾರನ್ನೂ ಕೇಳಲಿಲ್ಲ. ಆ ಕಂಬದ ದೆಸೆಯಿಂದ ಅವರು ಕಣ್ಣು ಮುಚ್ಚಿ ಮಲಗುವ ಹಾಗಾಯಿತು.

ಆ ಕಂಬವನ್ನೇ ಮೈದುನ ಕೀಳಿಸಿದ್ದು.

ಮೈದುನನಿಗೆ ಆ ಸ್ಮಾರಕದಲ್ಲೇ ಕಾವಲುಗಾರನ ಕೆಲಸ. ಖಾಕಿ ಅಂಗಿ, ಕೊರಳಲ್ಲಿ ಸೀಟಿ. ಸೀಟಿ ಕೊರಳಿಗೆ ಬಿದ್ದ ದಿನದಿಂದ ಅವನು ಹಿಂದಿನ ಪಾಲಿನಲ್ಲಿ ಉಣ್ಣುವುದನ್ನು ಬಿಟ್ಟಿದ್ದ. ಅವನನ್ನು ಅವನಮ್ಮ ಸತ್ತ ಮೇಲೆ ಎತ್ತಿ ಆಡಿಸಿ ಬೆಳೆಸಿದವಳು ಇದೇ ಅತ್ತಿಗೆ. ಆ ಬೆಳಿಗ್ಗೆ ಓಡುತ್ತ ಬಂದ. ಮೇಲಿನ ಅಧಿಕಾರಿಗಳು, ಧಣಿಗಳ ಮೊಮ್ಮಗಳು ಎಲ್ಲ ಮಧ್ಯಾಹ್ನ ಮನೆ ನೋಡಲು ಬರುತ್ತಾರೆ, ನಕ್ಷೆಯಲ್ಲಿ ಇಲ್ಲದ ಕಂಬ ಕಣ್ಣಿಗೆ ಬಿದ್ದರೆ ಸಾಹೇಬರ ತಲೆ ಹೋಗುತ್ತದೆ, ಅವರ ತಲೆ ಹೋದರೆ ನನ್ನ ಹೊಟ್ಟೆ ಹೋಗುತ್ತದೆ ಎಂದ.

ಮರ ನೆನೆದು ಮೆತ್ತಗಾಗಿದೆ ಎಂದು ಅವಳು ಹೇಳಿದಳು.

“ಮುತ್ತಜ್ಜನ ಕಾಲದಿಂದ ನಿಂತದ್ದು ಒಂದು ಮಧ್ಯಾಹ್ನ ನಿಲ್ಲಲ್ವಾ ಅತ್ತಿಗೆ? ಅವರು ಹೋಗ್ಲಿ, ನಾನೇ ತಂದು ನಿಲ್ಲಿಸ್ತೀನಿ. ನೀವು ನನ್ನ ಸಾಕಿದೋರು. ನನ್ನ ಅನ್ನಕ್ಕೆ ಕಲ್ಲು ಹಾಕ್ತೀರಾ?”

ಅವಳು ಗಂಡನ ಮುಖ ನೋಡಿದಳು. ತಮ್ಮನ ವಿಷಯದಲ್ಲಿ ಅವನದು ಮೊದಲಿಂದಲೂ ಬೆಣ್ಣೆಯಂಥ ಮನಸ್ಸು. ಕಿತ್ತುಬಿಡು ಎಂದು ಕಣ್ಣಲ್ಲೇ ಹೇಳಿದ. ಅವಳು ಕಿತ್ತಳು.

ಹೋಗುವ ಮುಂಚೆ ಮೈದುನ ಇನ್ನೂ ಒಂದು ಮಾತು ಹೇಳಿದ. ಅವರು ಇರುವಷ್ಟು ಹೊತ್ತು ಇಬ್ಬರೂ ಹೊರಗೆ ತಲೆಹಾಕಬಾರದು. ಅಣ್ಣ ಕೆಮ್ಮದಿದ್ದರೆ ಒಳ್ಳೆಯದು. ನೆಲ ನೋಡಿಕೊಂಡು ಹೇಳಿದ. ಹೇಳಿ, ಕದ ಎಳೆದುಕೊಂಡು ಹೋದ.

ಮಧ್ಯಾಹ್ನ ಕಾರುಗಳು ಬಂದವು. ಅಂಗಳದಲ್ಲಿ ಬಟ್ಟೆಯ ಚಪ್ಪರ ಕಟ್ಟಿ ಕುರ್ಚಿ ಹಾಕಿದ್ದರು, ಮುಂದಿನ ಸಾಲಿನಲ್ಲಿ ಇಲಾಖೆಯ ದೊಡ್ಡ ಸಾಹೇಬರಿಗೆ ಮೆತ್ತೆಯ ಕುರ್ಚಿ. ಕನ್ನಡಕದ ಸಾಹೇಬರು ಮನೆಯ ಚರಿತ್ರೆ ಹೇಳುವುದು ಕದದ ಸಂದಿನಿಂದ ಕೇಳಿಸುತ್ತಿತ್ತು. ಒಳ್ಳೆಯ ಮಾತುಗಾರ. ಕಲ್ಲು ಎಲ್ಲಿಂದ ಬಂತು, ಮಣ್ಣಿಗೆ ಏನೇನು ಕಲಸಿದರು, ಬೇಸಗೆಯಲ್ಲಿ ತಂಪು ಹೇಗೆ ನಿಲ್ಲುತ್ತದೆ, ಎಲ್ಲ ಹೇಳಿದರು. ಈ ಗೋಡೆಗಳು ಉಸಿರಾಡುತ್ತವೆ ಎಂದರು. ಕೂತವರು ಚಪ್ಪಾಳೆ ತಟ್ಟಿದರು.

ಗೋಡೆಯ ಈಚೆ ಒಬ್ಬ ಮನುಷ್ಯ ಉಸಿರು ಬಿಗಿಹಿಡಿದು ಮಲಗಿದ್ದ. ಬಾಯಿಗೆ ಪಂಚೆಯ ಚುಂಗು ತುರುಕಿಕೊಂಡಿದ್ದ. ಕಣ್ಣು ಕೆಂಪಾಗಿ ನೀರು ಇಳಿಯುತ್ತಿತ್ತು. ಅವಳು ಎದೆ ನೀವಿದಳು. ಕೆಮ್ಮಿಬಿಡಿ, ಏನಾಗುತ್ತದೆಯೋ ಆಗಲಿ ಎಂದು ಕಿವಿಯಲ್ಲಿ ಹೇಳಿದಳು. ಅವನು ಬೇಡವೆಂದು ತಲೆಯಾಡಿಸಿದ. ತಮ್ಮನ ನೌಕರಿ.

ಅವಳು ನೀರಿಗೆಂದು ಮೂಲೆಯ ಬಿಂದಿಗೆಯ ಹತ್ತಿರ ಹೋದಳು. ಆಗ ತಡೆಯಲಾಗದೆ ಅವನು ಕೆಮ್ಮಿದ. ಅದರ ಜತೆಗೇ ಮೇಲೆ ಮರ ಲಟಲಟ ಎಂದಿತು. ತೊಲೆಯ ಒಂದು ತುದಿ ಗೋಡೆಯ ಗೂಡಿನಲ್ಲೇ ಉಳಿಯಿತು. ಇನ್ನೊಂದು ತುದಿ ಗೂಡು ಬಿಟ್ಟು ಹಂಚು, ಜಂತೆ, ಮಣ್ಣು ಎಲ್ಲವನ್ನೂ ಎಳೆದುಕೊಂಡು ಬಂತು. ಬಂದು ಅವನ ಸೊಂಟದ ಕೆಳಗೆ, ಎರಡೂ ತೊಡೆಗಳ ಮೇಲೆ ಅಡ್ಡಲಾಗಿ ಕೂತಿತು.

ಅವನು ಕೂಗಲಿಲ್ಲ. ಕೂಗಲು ಉಸಿರೇ ಇರಲಿಲ್ಲ.

ಸದ್ದು ಕೇಳಿ ಎಲ್ಲರೂ ಬಂದರು. ಬಾಗಿಲು ತಗ್ಗು, ಸಾಹೇಬರು ಬಗ್ಗಿ ಒಳಗೆ ಬಂದರು. ಧೂಳಿನಲ್ಲಿ ಕೈದೀಪ ಹಾಕಿದರು. ದೀಪದ ಬೆಳಕು ಮೊದಲು ತೊಲೆಯ ಮೇಲೆ ಹೋಯಿತು. ಗೋಡೆಯ ತುದಿಯಿಂದ ನೆಲದ ತುದಿಯವರೆಗೆ ಮೆಲ್ಲಗೆ ಹರಿಯಿತು. ಆಮೇಲೆ ಅವನ ಮುಖದ ಮೇಲೆ ಬಿತ್ತು. ಅವಳು ಅದನ್ನು ನೋಡಿದಳು. ದೇವರೂ ನೋಡಿದ. ಇಬ್ಬರೂ ಮರೆಯುವುದಿಲ್ಲ.

ಕಾರಿನ ಡ್ರೈವರ್ ಒಬ್ಬನೇ ಮುಂದೆ ಬಂದು ತೊಲೆಗೆ ಹೆಗಲು ಕೊಟ್ಟ. ಮೈದುನನೂ ಕೊಟ್ಟ. ಅದು ಅಲುಗಲಿಲ್ಲ. ಅಲುಗಿಸಿದಷ್ಟೂ ಗೋಡೆಯ ಕಡೆಯ ಸೂರು ಕಿರ್‌ ಎಂದು ಇಳಿಯತೊಡಗಿತು. ಎತ್ತಿದರೆ ಉಳಿದದ್ದೂ ಮೇಲೆ ಬೀಳುತ್ತದೆ, ಕೊಯ್ದೇ ತೆಗೆಯಬೇಕು ಎಂದ ಡ್ರೈವರ್.

ಸಾಹೇಬರು ಕೈ ಅಡ್ಡ ಹಿಡಿದರು. ಕೊಯ್ಯುವ ಮಾತು ಬೇಡ, ಪಟ್ಟಣದಿಂದ ಜಾಕಿ ತರಿಸುತ್ತೇನೆ, ರಾಜಧಾನಿಯ ಕಚೇರಿಯ ಅಪ್ಪಣೆ ಇಲ್ಲದೆ ಸ್ಮಾರಕಕ್ಕೆ ಅಲಗು ತಾಗಿಸಿದರೆ ಜೈಲು ಎಂದರು. ಹೊರಗೆ ಹೋಗಿ ಫೋನು ಮಾಡಿದರು. ಅಲ್ಲಿಯವರು ಊಟಕ್ಕೆ ಕೂತಿದ್ದರಂತೆ. ಎದ್ದ ಮೇಲೆ ಮಾತಾಡುತ್ತಾರಂತೆ.

ಬಾಗಿಲಲ್ಲಿ ಧಣಿಗಳ ಮೊಮ್ಮಗಳು ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. ಕೆಟ್ಟವಳಲ್ಲ. ಪಾಪ, ಅವನಿಗೆ ಯಾರಾದರೂ ನೀರು ಕೊಡಿ ಎಂದಳು. ಹೇಳಿ, ಅಂಗಳಕ್ಕೆ ಹೋಗಿ ಕುರ್ಚಿಯಲ್ಲಿ ಕೂತಳು. ಉಳಿದವರೂ ಹೋಗಿ ಕೂತರು. ಡ್ರೈವರ್‌ನನ್ನು ಅವನ ಯಜಮಾನರು ಕೂಗಿ ಕರೆದರು. ಅವನು ಹೋಗಬೇಕಾಯಿತು.

ಗರಗಸದಕ್ಕ ಸಾಹೇಬರ ಕಾಲು ಹಿಡಿದಳು. ಅವರು ಕಾಲು ಹಿಂದಕ್ಕೆ ತೆಗೆದುಕೊಂಡರು.

“ಸ್ವಲ್ಪ ಸಮಾಧಾನ ತಗೊಳ್ಳಮ್ಮ. ಕೊಯ್ದ ತೊಲೆ ಮತ್ತೆ ಕೂಡೋದಿಲ್ಲ. ಅದರ ವಯಸ್ಸೆಷ್ಟು ಗೊತ್ತಾ ನಿನಗೆ?”

“ಅವರ ವಯಸ್ಸು ಕೇಳಿದ್ರಾ ಸ್ವಾಮಿ ನೀವು?”

ಸಾಹೇಬರು ಕೈಯಲ್ಲಿದ್ದ ಫೋನನ್ನು ನೋಡಿಕೊಂಡರು. ಅವಳು ಅವರ ಕಾಲ ಬಳಿಯಿಂದ ಎದ್ದಳು. ಕೈಗೆ ಹತ್ತಿದ ಮಣ್ಣನ್ನು ಸೀರೆಗೆ ಒರಸಿಕೊಂಡಳು. ಆಮೇಲೆ ಅವಳು ಯಾರನ್ನೂ ಏನೂ ಬೇಡಲಿಲ್ಲ.

ನೇರ ಅಂಗಳ ದಾಟಿದಳು. ಕುರ್ಚಿಗಳ ನಡುವೆಯೇ ನಡೆದಳು. ಪಡಸಾಲೆ ಹತ್ತಿದಳು. ಅಲ್ಲಿಗೆ ಅವಳು ಅದುವರೆಗೆ ಹತ್ತಿದ್ದೆಲ್ಲ ಪೊರಕೆ ಹಿಡಿದು, ಬೆನ್ನು ಬಗ್ಗಿಸಿ. ಮೈದುನ ಅಡ್ಡ ಬಂದ. ಸೀಟಿ ಬಾಯಿಗೆ ಹೋಗಿತ್ತು, ಊದುವ ಧೈರ್ಯ ಬರಲಿಲ್ಲ.

“ಅತ್ತಿಗೆ, ಅದನ್ನ ಮುಟ್ಟೋ ಹಾಗಿಲ್ಲ.”

ಅವಳು ಅವನನ್ನು ಭುಜದಿಂದ ನೂಕಿದಳು. ಗೋಡೆಯ ಮೇಲಿದ್ದ ಗರಗಸವನ್ನು ಎರಡೂ ಕೈಯಲ್ಲಿ ಎತ್ತಿದಳು. ಕಟ್ಟಿದ್ದ ತಂತಿ ಹರಿದು ಬೆರಳು ಕೊಯ್ದಿತು. ಹೆಸರಿನ ಚೀಟಿ ಅದಕ್ಕೆ ಅಂಟಿಕೊಂಡೇ ಬಂತು. ಹಿಡಿ ಅವಳ ಅಂಗೈಯ ಅಳತೆಗೇ ಸವೆದಿತ್ತು.

ಕೋಣೆಗೆ ಬಂದು ತೊಲೆಯನ್ನು ಮುಟ್ಟಿ ನೋಡಿದಳು. ಗೋಡೆಗೂ ಅವನ ಮೈಗೂ ನಡುವೆ, ಅವನ ತೊಡೆಯಿಂದ ಒಂದು ಗೇಣು ಆಚೆ ಅಲಗು ಇಟ್ಟಳು. ಅವನ ಪಾದದ ಕಡೆ ಮಂಡಿಯೂರಿ ಕೂತಳು. ಎಳೆದಳು. ಆಚೆ ತುದಿ ಹಿಡಿಯುವವರಿಲ್ಲದೆ ಗರಗಸ ಹಾವಿನ ಹಾಗೆ ಹೊರಳಿತು. ಮತ್ತೆ ತಳ್ಳಬೇಕಲ್ಲ. ತಳ್ಳಿದಳು. ಅಲಗು ಬಾಗಿ ಸಿಕ್ಕಿಕೊಂಡಿತು. ಬಾಗಿಲಲ್ಲಿ ನಿಂತವರ ಕಡೆ ತಿರುಗಿ ನೋಡಿದಳು. ಸಾಹೇಬರು, ಅವರ ಹಿಂದೆ ಮೈದುನ. ಯಾರೂ ಕೈ ಚಾಚಲಿಲ್ಲ. ನಿಲ್ಲಿಸು, ಇದು ಅಪರಾಧ ಎಂದು ಸಾಹೇಬರು ಮೆಲ್ಲಗೇ ಹೇಳುತ್ತಿದ್ದರು. ಒಳಗೆ ಬರಲಿಲ್ಲ. ಸೂರು ಇನ್ನೂ ಕಿರುಗುಟ್ಟುತ್ತಿತ್ತು.

ಆಗ ಆಚೆಯ ಹಿಡಿಯನ್ನು ಯಾರೋ ಹಿಡಿದರು. ಗರಗಸ ನೆಟ್ಟಗಾಯಿತು.

ಅವಳು ನೋಡಿದಳು. ಗಂಡ ಮಲಗಿದ್ದಲ್ಲಿಂದಲೇ ಎರಡು ಕೈಯನ್ನೂ ಮೇಲೆತ್ತಿ, ತನ್ನ ಎದೆಯ ಮೇಲೆ ಬಂದಿದ್ದ ಹಿಡಿಯನ್ನು ಹಿಡಿದುಕೊಂಡಿದ್ದ. ಬಾಯೊಳಗಿನ ಬಟ್ಟೆಯನ್ನು ಉಗಿದಿದ್ದ.

“ಕೊಡು” ಎಂದ.

ನೇಮ ನೇಮವೇ.

“ತಗೋ.”

ಅವನು ಎಳೆದ. ಅಲಗು ಮರ ಕಚ್ಚಿತು. ಅವಳು ಎಳೆದಳು. ಅವನು ಬಿಟ್ಟ. ಕೊಡು, ತಗೋ. ಹುಡಿ ಅವನ ಹೊಟ್ಟೆಯ ಮೇಲೆ, ಕೊರಳ ಮೇಲೆ ಬಿತ್ತು. ಪ್ರತಿ ಎಳೆತಕ್ಕೂ ಅವನ ಮುಖ ಬಿಳಿಚುತ್ತ ಹೋಯಿತು. ಹೊರಗಿನ ಗೆದ್ದಲು ತಿಂದ ಪದರ ಬೆಣ್ಣೆಯ ಹಾಗೆ ಹೋಯಿತು. ಒಳಗೆ ಮರ ಗಟ್ಟಿ ಇತ್ತು. ಸೀಳು ಬಿಗಿದುಕೊಂಡಾಗ ಅವಳು ಹಂಚಿನ ಚೂರೊಂದನ್ನು ಅದರೊಳಕ್ಕೆ ಗುದ್ದಿ ಬಾಯಿ ಬಿಡಿಸಿದಳು. ಬೆರಳಿನ ರಕ್ತಕ್ಕೆ ಹಿಡಿ ಜಾರುತ್ತಿತ್ತು.

“ನಿನ್ನ ಕೈ ಭಾರ ಆಗಿದೆ” ಎಂದ ಅವನು, ನಡುವೆ. “ಒತ್ತಬೇಡ. ಎಳಿ ಅಷ್ಟೇ.”

“ನೀನು ಬಾಯಿ ಮುಚ್ಚಿಕೊಂಡು ಎಳಿ.”

ಅವನು ನಕ್ಕ. ಕೆಮ್ಮು ಬಂತು. ಈ ಸಲ ತಡೆಹಿಡಿಯಲಿಲ್ಲ, ಮನೆಯೆಲ್ಲ ಕೇಳುವ ಹಾಗೆ ಕೆಮ್ಮಿದ. ಮತ್ತೆ ಹಿಡಿ ಹಿಡಿದ. ಕೊಡು, ತಗೋ.

ಅರ್ಧಕ್ಕಿಂತ ಹೆಚ್ಚು ಹೋಯಿತು. ಅವನ ದನಿ ತಗ್ಗುತ್ತ ಬಂತು. ಅವಳು ಕೊಡು ಎಂದಳು, ಎಳೆದಳು. ತಗೋ ಎಂಬ ಮಾತು ಬರಲಿಲ್ಲ. ಗರಗಸ ಸುಮ್ಮನೆ ಅವಳ ಕಡೆ ಬಂತು. ಆ ಕಡೆಯಲ್ಲಿ ತಡೆಯಿಲ್ಲ, ತೂಕವಿಲ್ಲ. ಅವಳು ತಲೆ ಎತ್ತಿ ನೋಡಬೇಕಾಗಿರಲಿಲ್ಲ. ಇಷ್ಟು ವರ್ಷ ಅವನ ಕೋಪ, ಹಸಿವು, ಜ್ವರ ಎಲ್ಲವೂ ಅವಳಿಗೆ ಆ ಅಲಗಿನ ಮೂಲಕವೇ ತಿಳಿದಿತ್ತು. ಇದೂ ಹಾಗೆಯೇ ತಿಳಿಯಿತು.

ಆದರೂ ನೋಡಿದಳು. ಕೈ ಎರಡೂ ಎದೆಯ ಮೇಲೆ ಬಿದ್ದಿದ್ದವು. ಕಣ್ಣು ತೆರೆದಿತ್ತು. ತೆರೆದ ಕಣ್ಣಿನೊಳಗೆ ಮರದ ಹುಡಿ ಕೂತಿತ್ತು, ರೆಪ್ಪೆ ಬಡಿಯಲಿಲ್ಲ.

ಅವಳು ದೇವರ ಹೆಸರು ಹೇಳಿದಳು. ಒಂದೇ ಸಲ.

ಬಾಗಿಲಲ್ಲಿ ಸಾಹೇಬರು ಗಂಟಲು ಸರಿಮಾಡಿಕೊಂಡರು. ದನಿ ಮೊದಲಿಗಿಂತಲೂ ಮೆದುವಾಗಿತ್ತು.

“ಆಯ್ತಲ್ಲಮ್ಮ. ಇನ್ನು ನಿಲ್ಲಿಸು. ಇನ್ನೇನು ಅವಸರ ಇದೆ? ಅರ್ಧ ಆದ್ರೂ ಉಳೀಲಿ. ಸಂಜೆ ಹೊತ್ತಿಗೆ ಜಾಕಿ ಬರುತ್ತೆ.”

ಅವಳು ಆ ಮಾತನ್ನು ಪೂರ್ತಿ ಕೇಳಿದಳು. ಅರ್ಥ ಮಾಡಿಕೊಂಡಳು. ಸೀಳಿನೊಳಗಿನ ಹಂಚಿನ ಚೂರನ್ನು ಇನ್ನೊಮ್ಮೆ ಗುದ್ದಿದಳು. ಗರಗಸ ಹಿಡಿದಳು.

ಮೈದುನ ತಲೆ ಬಗ್ಗಿಸಿ ಒಳಗೆ ಬಂದ. ಅಂಗಿಯ ತೋಳಿನಿಂದ ಕಣ್ಣು ಮೂಗು ಒರಸಿಕೊಳ್ಳುತ್ತಿದ್ದ. ಅಣ್ಣನ ತಲೆಯ ಬಳಿ ಕೂತು, ಬೆರಳುಗಳ ಪಕ್ಕದಲ್ಲಿದ್ದ ಹಿಡಿಗೆ ಕೈ ಹಾಕಿದ.

“ಎಳೀರಿ ಅತ್ತಿಗೆ. ನಾನು ಹಿಡಿದಿದ್ದೀನಿ.”

“ಕೈ ತೆಗಿ.”

“ಅತ್ತಿಗೆ, ಅಮ್ಮನ ಹಾಗೆ ನೀವು ನನಗೆ...”

“ಕೈ ತೆಗಿ ಅಂದೆ. ಅವರು ಹಿಡಿದ ಜಾಗ ಅದು.”

ಅವನು ತೆಗೆದ.

ಅವಳು ಒಬ್ಬಳೇ ಕೊಯ್ದಳು. ಒಬ್ಬಳೇ ಎಳೆದಳು, ಒಬ್ಬಳೇ ತಳ್ಳಿದಳು. ಅಲಗು ಬಾಗಿತು, ಸಿಕ್ಕಿತು, ಬಿಡಿಸಿದಳು, ಮತ್ತೆ ಎಳೆದಳು. ಅಂಗೈಯ ಬೊಕ್ಕೆ ಒಡೆಯಿತು. ಭುಜದ ಕೀಲು ಕಳಚಿದ ಹಾಗೆ ಆಯಿತು. ಒಳಗೆ ಬಂದು ಅವಳನ್ನು ಹಿಡಿದು ನಿಲ್ಲಿಸಲು ಒಬ್ಬರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಮರ ಲಟಕ್ಕೆಂದು ಎರಡಾಯಿತು. ಗೋಡೆಯ ತುಂಡು ಗೋಡೆಗೆ ನೇತಾಡಿತು. ನೆಲದ ತುಂಡನ್ನು ಅವಳು ಬೆನ್ನು ಕೊಟ್ಟು ಹೊರಳಿಸಿದಳು.

ಸಾಹೇಬರು ಬಗ್ಗಿ ಬಂದು ಕೊಯ್ದ ಜಾಗವನ್ನು ಅಂಗೈಯಿಂದ ಮುಟ್ಟಿ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. ಸುಳ್ಳಿನ ನೀರಲ್ಲ, ನಿಜವಾದದ್ದೇ.

ಅವಳು ಗಂಡನ ಕಂಕುಳಿಗೆ ಎರಡೂ ತೋಳು ಹಾಕಿ ಎತ್ತಿದಳು. ಅವನ ಕಾಲುಗಳು ಹಿಂದೆ ಎಳೆದುಕೊಂಡು ಬಂದವು. ಮೈದುನ ಕಾಲು ಹಿಡಿಯಲು ಬಂದ. ಅವಳು ನೋಡಿದ ನೋಟಕ್ಕೆ ನಿಂತಲ್ಲೇ ನಿಂತ. ತಗ್ಗು ಬಾಗಿಲನ್ನು ಹಿಮ್ಮುಖವಾಗಿ ದಾಟಿದಳು. ಹಿಂದಿನ ಓಣಿಗೆ ಹೋಗಲಿಲ್ಲ. ಅಂಗಳಕ್ಕೆ ಬಂದಳು. ಚಪ್ಪರದ ಕೆಳಗೆ, ಹಾಸಿದ್ದ ಜಮಖಾನದ ನಡುವೆ ಅವನನ್ನು ಮಲಗಿಸಿದಳು. ಕಣ್ಣಿನ ಹುಡಿಯನ್ನು ಸೆರಗಿನ ತುದಿಯಿಂದ ತೆಗೆದು ರೆಪ್ಪೆ ಮುಚ್ಚಿದಳು.

ಕೂತಿದ್ದವರೆಲ್ಲ ಎದ್ದು ನಿಂತರು. ಧಣಿಗಳ ಮೊಮ್ಮಗಳೂ ಎದ್ದಳು. ಆ ಮನೆಯಲ್ಲಿ ಅವನ ಎದುರು ಯಾರಾದರೂ ಎದ್ದು ನಿಂತದ್ದು ಅದೇ ಮೊದಲು. ಮರ್ಯಾದೆಗಲ್ಲ. ಜಮಖಾನದಲ್ಲಿ ರಕ್ತ ಹರಡುತ್ತಿತ್ತು, ಕಾಲಿಗೆ ತಾಗೀತೆಂದು.

ಗರಗಸದಕ್ಕ ಖಾಲಿಯಾದ ಕುರ್ಚಿಗಳನ್ನು ನೋಡಿದಳು. ಮುಂದಿನ ಸಾಲಿನ, ಮೆತ್ತೆ ಹಾಕಿದ ಕುರ್ಚಿಯನ್ನು ಗಂಡನ ತಲೆಯ ಬಳಿಗೆ ಎಳೆದುಕೊಂಡಳು. ಅದರಲ್ಲಿ ಕೂತಳು. ಬೆನ್ನು ಒರಗಿಸಿದಳು. ರಕ್ತದ ಕೈಗಳನ್ನು ಅದರ ಬಿಳಿಯ ತೋಳುಗಳ ಮೇಲೆ ಚಾಚಿದಳು.

ಸಾಹೇಬರು ಏನೋ ಸನ್ನೆ ಮಾಡಿದರು. ಮೈದುನ ಹತ್ತಿರ ಬಂದು ಬಗ್ಗಿ, ಅವಳಿಗಷ್ಟೇ ಕೇಳುವ ಹಾಗೆ ಹೇಳಿದ.

“ಅತ್ತಿಗೆ, ಅದು ದೊಡ್ಡ ಸಾಹೇಬರ ಕುರ್ಚಿ. ಏಳಿ.”

ಅವಳು ಏಳಲಿಲ್ಲ.